ಯುದ್ಧವಿಮಾನಗಳ ಎಂಜಿನಿಗೆ ಹಾಕಿದ ಕಡಿವಾಣ

ತೋಟದ ಬಾವಿಯ ಮೇಲಿರುವ ಪಂಪುಸೆಟ್ಟುಗಳ ಮೈಗೆ ಒಂದು ಪುಟ್ಟ ತಗಡನ್ನು ಬಡಿದಿರುವುದನ್ನು ವಾಚಕರು ನೋಡಿರಬಹುದು. ಅದರ ಮೇಲೆ ‘5 ಎಚ್.ಪಿ.’ ಎಂದೂ, ಅದರ ಕೆಳಗೆ ನಿಮಿಷಕ್ಕೆ ಇಷ್ಟು ಸುತ್ತು ಎಂದೂ ಕೊರೆದಿರುತ್ತದೆ. ಇದನ್ನು ಓದಿದ ನಾವು, ಕೊಡದಲ್ಲಿ ನೀರು ತುಂಬಿರುವಂತೆ ಆ ಯಂತ್ರದೊಳಗೆ ಐದು ಕುದುರೆಗಳ ಶಕ್ತಿ ತುಂಬಿದೆಯೆಂದು ತಿಳಿಯುತ್ತೇವೆ. ಆದರೆ ತಗಡಿನ ಮೇಲಿರುವುದು ತಯಾರಕನು ಕೊಟ್ಟ ಒಂದು ವಚನ ಮಾತ್ರ. ಇಂಥ ಎಣ್ಣೆಯನ್ನು ಹಾಕಿ, ಇಷ್ಟು ವೇಗದಲ್ಲಿ, ಇಷ್ಟು ಹೊತ್ತು ನಡೆಸಿದರೆ ಯಂತ್ರವು ಇಷ್ಟು ಕೆಲಸ ಮಾಡಿಯೂ ಕೆಡದೆ ಉಳಿಯುವುದೆಂಬುದೇ ಆ ವಚನ. ಅದಕ್ಕಿಂತ ಹೆಚ್ಚು ದುಡಿಸಲು ಸಾಧ್ಯವಿಲ್ಲವೆಂದು ಅದರ ಅರ್ಥವಲ್ಲ. ಸಪಾಟು ದಾರಿಯಲ್ಲಿ ದಿನವಿಡೀ ಗಾಡಿಯೆಳೆಯುವ ಜೋಡೆತ್ತುಗಳು ಹಳ್ಳದ ಏರು ಬಂದಾಗ ಒಂದು ಗಳಿಗೆ ಎರಡರಷ್ಟು ಬಲ ಹಾಕುವುದುಂಟಷ್ಟೆ. ಆ ಬಲವನ್ನೇ ದಿನವೆಲ್ಲ ಬೇಡಿದರೆ ಸಂಜೆಗೆ ಎತ್ತುಗಳು ಕೊಟ್ಟಿಗೆಗೆ ಬರಲಾರವು.

ಯಂತ್ರದಿಂದ ಎಷ್ಟು ಶಕ್ತಿಯನ್ನು ಎಷ್ಟು ಹೊತ್ತು ಬೇಡಬಹುದೆಂದು ಗೊತ್ತುಪಡಿಸಿದ ಈ ಅಳತೆಗೆ ಇಂಗ್ಲಿಷಿನವರು ‘ರೇಟಿಂಗ್’ ಎನ್ನುತ್ತಾರೆ. ಈ ಲೇಖನದಲ್ಲಿ ನಾನು ಅದನ್ನು ‘ಶಕ್ತಿಮಿತಿ’ ಎಂದು ಕರೆಯುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗೆಲ್ಲಲು ಒಂದೊಂದು ಅಶ್ವಶಕ್ತಿಯೂ ಬೇಕಾಗಿದ್ದ ಹೊತ್ತಿನಲ್ಲಿ, ಕೆಲವು ದೇಶಗಳು ತಮ್ಮ ಹೊಚ್ಚಹೊಸ ಎಂಜಿನುಗಳ ಶಕ್ತಿಮಿತಿಯನ್ನು ತಾವಾಗಿಯೇ ಇಳಿಸಿಬಿಟ್ಟವು. ಇತಿಹಾಸದ ವಿದ್ಯಾರ್ಥಿಗೆ ಎಂಜಿನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಯುದ್ಧದ ಪುಸ್ತಕಗಳ ಕೊನೆಯಲ್ಲಿ ವಿಮಾನಗಳ ಪಟ್ಟಿಯೊಂದು ಇರುತ್ತದೆ: ಇದರ ಎಂಜಿನು 1475 ಅಶ್ವಶಕ್ತಿ, ಅದರದು 1700, ಮತ್ತೊಂದರದು 2000. ಈ ಅಂಕಿಗಳನ್ನು ಹಿಡಿದುಕೊಂಡು ಯಾವ ವಿಮಾನ ಮೇಲು, ಯಾವುದು ಕೀಳು ಎಂದು ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ವಾದ ಮಾಡುವವರನ್ನು ನಾನು ಬಲ್ಲೆ. ಪಟ್ಟಿಯಲ್ಲಿರುವ ಶಕ್ತಿಯನ್ನು ಆ ವರ್ಷ, ಆ ತಿಂಗಳಲ್ಲಿ ಬಳಸಲು ವಿಮಾನಚಾಲಕನಿಗೆ ಅಪ್ಪಣೆ ಇತ್ತೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಯಂತ್ರದ ವಿಚಾರವನ್ನು ಸ್ವಲ್ಪ ನೋಡೋಣ. ಪೆಟ್ರೋಲ್ ಎಂಜಿನಿನಿಂದ ಹೆಚ್ಚು ಶಕ್ತಿ ಪಡೆಯಲು ಎರಡು ದಾರಿಗಳಿವೆ. ಒಂದು, ಅದನ್ನು ಹೆಚ್ಚು ವೇಗವಾಗಿ ಸುತ್ತಿಸುವುದು. ಇನ್ನೊಂದು, ಪ್ರತಿ ಸುತ್ತಿನಲ್ಲಿಯೂ ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿಯನ್ನೂ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ತುರುಕುವುದು. ತುರುಕುವ ಕೆಲಸವನ್ನು ಮಾಡುವ ಗಾಳಿಯಂತ್ರಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಎರಡು ದಾರಿಗಳಿಗೂ ಸುಂಕ ಉಂಟು. ಸುತ್ತು ಹೆಚ್ಚಿದಂತೆ ಪಿಸ್ಟನ್ನು, ಅದರ ಸಲಾಕೆ, ಬೇರಿಂಗು ಇವುಗಳ ಮೇಲೆ ಬೀಳುವ ಜಗ್ಗಾಟ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒತ್ತಡ ಹೆಚ್ಚಿದಂತೆ ಒಳಗಿನ ಬಿಸಿ ಏರಿ, ಉರಿಯಬೇಕಾದ ಮಿಶ್ರಣವು ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿಯತೊಡಗುತ್ತದೆ. ಈ ಸಿಡಿತವು ಸುತ್ತಿಗೆಯ ಪೆಟ್ಟಿನಂತೆ ಪಿಸ್ಟನ್ನಿನ ನೆತ್ತಿಯ ಮೇಲೆ ಬಿದ್ದು ಕೆಲವೇ ನಿಮಿಷಗಳಲ್ಲಿ ಅದನ್ನು ತೂತು ಮಾಡಬಲ್ಲದು. ಪೆಟ್ರೋಲು ಈ ಸಿಡಿತವನ್ನು ಎಷ್ಟರಮಟ್ಟಿಗೆ ತಡೆಯಬಲ್ಲದೆಂಬುದನ್ನು ತಿಳಿಸುವುದೇ ಆಕ್ಟೇನ್ ಸಂಖ್ಯೆ.

ಹೀಗಾಗಿ ಯುದ್ಧವಿಮಾನದ ಎಂಜಿನಿಗೆ ಒಂದೇ ಶಕ್ತಿಮಿತಿ ಇರುತ್ತಿರಲಿಲ್ಲ. ಕಾಲಕ್ಕೆ ತಕ್ಕಂತೆ ಹಲವು ಇರುತ್ತಿದ್ದುವು. ಜರ್ಮನಿಯ ಮೆಸರ್‌ಶ್ಮಿಟ್ 109 ವಿಮಾನದ ‘ಜಿ’ ಮಾದರಿಗೆ ಹಾಕಿದ ಡೈಮ್ಲರ್-ಬೆಂಜ್ 605 ಎಂಜಿನನ್ನೇ ತೆಗೆದುಕೊಳ್ಳೋಣ. ಹೊತ್ತಿನ ಕಟ್ಟಿಲ್ಲದೆ ಹಾರುವಾಗ ನಿಮಿಷಕ್ಕೆ 2300 ಸುತ್ತು, ವಾಯುಮಂಡಲದ 1.15ರಷ್ಟು ಒತ್ತಡ, ಸುಮಾರು 1075 ಅಶ್ವಶಕ್ತಿ. ಏರುವಾಗ ಮತ್ತು ಕಾದಾಡುವಾಗ 30 ನಿಮಿಷದವರೆಗೆ 2600 ಸುತ್ತು, 1.30ರ ಒತ್ತಡ, ಸುಮಾರು 1310. ನೆಲದಿಂದ ಏಳುವಾಗ, ಅಥವಾ ಪ್ರಾಣಕ್ಕೇ ಬಂದಾಗ, ಎಣಿಸಿದ ಒಂದೆರಡು ನಿಮಿಷಗಳಿಗೆ ಮಾತ್ರ 2800 ಸುತ್ತು, 1.42ರ ಒತ್ತಡ, 1475 ಅಶ್ವಶಕ್ತಿ. (ಜರ್ಮನರ ಅಶ್ವಶಕ್ತಿ ಇಂಗ್ಲಿಷರದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ನಮ್ಮ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ.) ಪುಸ್ತಕದ ಪಟ್ಟಿಗಳಲ್ಲಿ ಮೆರೆಯುವುದು ಈ ಕೊನೆಯ ಅಂಕಿ.

ಶಕ್ತಿಮಿತಿಯನ್ನು ಏರಿಸಿದವರ ಕಥೆಯನ್ನು ಮೊದಲು ಕೇಳಿದರೆ ಇಳಿಸಿದವರ ಕಷ್ಟ ಚೆನ್ನಾಗಿ ತಿಳಿಯುತ್ತದೆ. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನು ಯುದ್ಧದ ಆರಂಭದಲ್ಲಿ 87 ಆಕ್ಟೇನ್ ಪೆಟ್ರೋಲಿನಿಂದ ನಡೆಯುತ್ತಿತ್ತು. ಆಗ ಅದರೊಳಕ್ಕೆ ತುರುಕಬಹುದಾಗಿದ್ದ ಹೆಚ್ಚುವರಿ ಒತ್ತಡ ಚದರ ಅಂಗುಲಕ್ಕೆ ಆರೂಕಾಲು ಪೌಂಡು. 1940ರ ಮೊದಲ ಭಾಗದಲ್ಲಿ 100 ಆಕ್ಟೇನ್ ಪೆಟ್ರೋಲು ಕೈಗೆ ಬಂದೊಡನೆ ಅದನ್ನು 12 ಪೌಂಡಿಗೆ ಏರಿಸಲು ಅಪ್ಪಣೆಯಾಯಿತು. ಸುಮಾರು 1030 ಅಶ್ವಶಕ್ತಿಯ ಎಂಜಿನು 9000 ಅಡಿ ಎತ್ತರದಲ್ಲಿ ಐದು ನಿಮಿಷದ ಮಟ್ಟಿಗೆ 1310ರಷ್ಟನ್ನು ಕೊಡತೊಡಗಿತು. ತರುಣ ಚಾಲಕರಿಗೆ ಇದು ಎಷ್ಟು ರುಚಿಸಿತೆಂದರೆ, ಕಾರಣವಿರಲಿ ಇಲ್ಲದಿರಲಿ ಅದನ್ನು ಬಳಸತೊಡಗಿದರು. 1940ರ ಆಗಸ್ಟ್ 1ರಂದು ಯುದ್ಧವಿಮಾನದಳದ ಮುಖ್ಯಸ್ಥ ಡೌಡಿಂಗ್ ಅವರೇ ಎಚ್ಚರಿಕೆಯ ಪತ್ರವನ್ನು ಹೊರಡಿಸಿ, ಸಣ್ಣಪುಟ್ಟದಕ್ಕೆಲ್ಲ ಎಂಜಿನಿನ ಪ್ರಾಣ ಹಿಂಡಬೇಡಿರೆಂದು ತಿಳಿಹೇಳಬೇಕಾಯಿತು. ಬೇರಿಂಗುಗಳು ಕರಗಿ ಸಮುದ್ರದ ಮೇಲೆ ಎಂಜಿನು ನಿಂತುಹೋದರೆ ಶತ್ರುವಿನ ಗುಂಡೇ ಬೇಕಾಗಿಲ್ಲವಲ್ಲ. ಆದರೂ ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಬೇಕಾದಾಗ ಆ ಶಕ್ತಿ ಇತ್ತು, ಬಳಸಿದುದಕ್ಕೆ ಚಾಲಕನು ಲೆಕ್ಕ ಒಪ್ಪಿಸಬೇಕಾಗಿತ್ತು, ಅಷ್ಟೆ.

ಜರ್ಮನಿಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಡೈಮ್ಲರ್-ಬೆಂಜ್ ಎಂಜಿನುಗಳು 87 ಆಕ್ಟೇನಿನ ಸಾಮಾನ್ಯ ಪೆಟ್ರೋಲಿನಲ್ಲಿಯೇ ನಡೆಯಬೇಕಾಗಿದ್ದುವು. ಆದುದರಿಂದ ಒಳಗೆ ತುರುಕುವ ಒತ್ತಡವನ್ನು ಬ್ರಿಟಿಷರಂತೆ ಏರಿಸಲು ಬರುತ್ತಿರಲಿಲ್ಲ. ಅವರು ಸಿಲಿಂಡರನ್ನೇ ದೊಡ್ಡದು ಮಾಡಿದರು. ಹಳೆಯ 601 ಎಂಜಿನಿನ ಸಿಲಿಂಡರು 150 ಮಿಲಿಮೀಟರು ಅಗಲವಿದ್ದುದನ್ನು 154ಕ್ಕೆ ಕೊರೆದು 605 ಎಂಜಿನನ್ನು ಮಾಡಿದರು; ಒಟ್ಟು ಗಾತ್ರ 33.9 ಲೀಟರಿನಿಂದ 35.7ಕ್ಕೆ ಏರಿತು. ಮರ್ಲಿನ್ ಕೇವಲ 27 ಲೀಟರಿನದು. ಹೊರಗಿನ ಅಳತೆ ಹೆಚ್ಚುಕಡಿಮೆ ಹಿಂದಿನಷ್ಟೇ ಇದ್ದುದರಿಂದ ಸಿಲಿಂಡರುಗಳ ನಡುವಿನ ಗೋಡೆಗಳು ತೆಳುವಾದುವು. ಕ್ರ್ಯಾಂಕ್ ದಂಡದ ಹತ್ತಿರ ಉರುಳೆಗಳ ಬೇರಿಂಗು ಇದ್ದ ಕಡೆ ಸಾದಾ ಬೇರಿಂಗನ್ನು ಹಾಕಿದರು. ಇಂಥ ಬೇರಿಂಗಿಗೆ ಎಣ್ಣೆಯೇ ಜೀವ. ಅದರಲ್ಲಿ ಒಂದು ಕ್ಷಣ ನೊರೆ ಸೇರಿದರೂ ಲೋಹಕ್ಕೆ ಲೋಹ ತಾಗಿ ಸುಟ್ಟುಹೋಗುತ್ತದೆ. ಕವಾಟಗಳ ಉಕ್ಕು ಬಿಸಿಯನ್ನು ತಡೆಯಲು ನಿಕಲ್ ಬೇಕು. ಜರ್ಮನಿಯಲ್ಲಿ ನಿಕಲ್ಲಿಗೆ ಬರ.

1942ರ ನಡುವಿನಲ್ಲಿ ‘ಜಿ’ ಮಾದರಿಯ ವಿಮಾನಗಳು ರಣರಂಗಕ್ಕೆ ಬಂದುವು. ಬಂದೊಡನೆಯೇ ದೂರುಗಳೂ ಬಂದುವು. ಪಿಸ್ಟನ್ನುಗಳು ಉರಿದು ತೂತಾಗುತ್ತಿದ್ದುವು; ಎಣ್ಣೆ ನೊರೆಯಾಗಿ ಬೇರಿಂಗುಗಳು ಹೋಗುತ್ತಿದ್ದುವು; ಹಾರುತ್ತಿರುವಾಗಲೇ ಎಂಜಿನಿಗೆ ಬೆಂಕಿ ಹತ್ತುತ್ತಿತ್ತು. ಕಡೆಗೆ ಅಪ್ಪಣೆಯೊಂದು ಹೊರಟಿತು. 1.42ರ ಒತ್ತಡವನ್ನೂ 2800 ಸುತ್ತನ್ನೂ ಬಳಸಕೂಡದು, 1.30 ಮತ್ತು 2600ಕ್ಕೆ ನಿಲ್ಲಿಸಬೇಕು. ಕೈಪಿಡಿಗಳಲ್ಲಿ ಕೊನೆಯ ಶಕ್ತಿಮಿತಿಯ ಎದುರಿಗೆ ‘ತಡೆಹಿಡಿದಿದೆ’ ಎಂಬ ಅರ್ಥದ ಮಾತು ಬಿತ್ತು. ಯುದ್ಧಕ್ಕೆ ಹೋಗುವವನಿಗೆ ಕತ್ತಿಯನ್ನು ಕೊಟ್ಟು, ಅದರ ತುದಿಯ ನಾಲ್ಕಂಗುಲವನ್ನು ಒರೆಯಲ್ಲಿಯೇ ಇಟ್ಟುಕೊಂಡು ಹೋರಾಡು ಎಂದಂತಾಯಿತು. ಅದೂ ಎಂಥ ಹೊತ್ತಿನಲ್ಲಿ? ಎರಡು ಹಂತದ ಸೂಪರ್‌ಚಾರ್ಜರಿನ ಹೊಸ ಮರ್ಲಿನ್ ಹೊತ್ತ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್ 1942ರ ಜುಲೈನಲ್ಲಿ ಯುದ್ಧಕ್ಕಿಳಿಯಿತು.

ಈ ಕಡಿವಾಣದಿಂದ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಸುತ್ತು 2800ರಿಂದ 2600ಕ್ಕೆ ಇಳಿಯಿತು. ಎಂದರೆ ನೂರಕ್ಕೆ ಏಳು. ಆದರೆ ಬೇರಿಂಗಿನ ಮೇಲಿನ ಜಗ್ಗಾಟ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ನೂರಕ್ಕೆ ಹದಿನಾಲ್ಕರಷ್ಟು ತಗ್ಗಿತು. ಒತ್ತಡವೂ ನೂರಕ್ಕೆ ಎಂಟರಷ್ಟು ಇಳಿದು ಪಿಸ್ಟನ್ನಿನ ನೆತ್ತಿ ತಂಪಾಯಿತು. ಇದು ಎಂಜಿನಿಗಾದ ಲಾಭ. ಇನ್ನು ನಷ್ಟ: 1475 ಹೋಗಿ 1310 ಆಯಿತು, 165 ಅಶ್ವಶಕ್ತಿ, ನೂರಕ್ಕೆ ಹನ್ನೊಂದು. ಆದರೆ ನೇರ ಹಾರಾಟದಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾದುದು. ಹಾಗಾಗಿ ಶಕ್ತಿ ನೂರಕ್ಕೆ ಹನ್ನೊಂದು ಇಳಿದರೆ ವೇಗ ಇಳಿಯುವುದು ನೂರಕ್ಕೆ ನಾಲ್ಕು ಮಾತ್ರ; ಗಂಟೆಗೆ 600 ಕಿಲೋಮೀಟರಿನಲ್ಲಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಇಷ್ಟೇ ತಾನೆ ಎನ್ನಿಸಬಹುದು.

ಆದರೆ ನಿಜವಾದ ಪೆಟ್ಟು ಬೀಳುವುದು ಮೇಲೇರುವಾಗ. ವಿಮಾನವು ಇದ್ದ ಎತ್ತರದಲ್ಲಿ ಬೀಳದೆ ನಿಲ್ಲಲು ಒಂದಿಷ್ಟು ಶಕ್ತಿ ಬೇಕು; ಉಳಿದುದರಿಂದ ಮಾತ್ರವೇ ಅದು ಏರಬೇಕು. ಉದಾಹರಣೆಗಾಗಿ, ನಿಲ್ಲುವುದಕ್ಕೆ 700 ಬೇಕೆಂದಿಟ್ಟುಕೊಳ್ಳೋಣ. 1475ರಲ್ಲಿ ಉಳಿಯುವುದು 775; 1310ರಲ್ಲಿ ಉಳಿಯುವುದು 610. ಏರುವ ಬಲದಲ್ಲಿ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಮಾಯವಾಯಿತು. ಸಂಬಳದಲ್ಲಿ ನೂರಕ್ಕೆ ಹನ್ನೊಂದನ್ನು ಕಡಿದರೆ, ಬಾಡಿಗೆ ಅಕ್ಕಿ ಎಣ್ಣೆಯ ಖರ್ಚು ಹಾಗೆಯೇ ಇರುವ ಮನೆಯ ಉಳಿತಾಯಕ್ಕೆ ಏನಾಗುವುದೋ ಅದೇ ಇಲ್ಲಿ ಆದುದು. ಮದ್ದುಗುಂಡು, ಪೆಟ್ರೋಲು ತುಂಬಿಕೊಂಡು ಚಿಕ್ಕ ಮೈದಾನದಿಂದ ಏಳುವಾಗಲೂ ಇದೇ ಕೊರತೆ. ಶತ್ರು ಬೆನ್ನಟ್ಟಿದಾಗ ಮೇಲಕ್ಕೆ ಹಾರಿ ತಪ್ಪಿಸಿಕೊಳ್ಳುವುದೇ ಮೆಸರ್‌ಶ್ಮಿಟ್ಟಿನವರ ಮುಖ್ಯ ಉಪಾಯವಾಗಿತ್ತೆಂಬುದನ್ನು ನೆನೆದರೆ, ಈ ಐದನೆಯ ಒಂದು ಭಾಗದ ಬೆಲೆ ತಿಳಿಯುತ್ತದೆ.

ಕಡಿವಾಣ ಹಾಕಿದ ಮೇಲೂ ಎಂಜಿನು ನಂಬಿಕೆಗೆ ಅರ್ಹವಾಗಲಿಲ್ಲ. ಆಫ್ರಿಕದ ರಣರಂಗದಲ್ಲಿ 151 ವಿಮಾನಗಳನ್ನು ಕೆಡವಿದನೆಂದು ಲೆಕ್ಕವಿರುವ ಹಾನ್ಸ್-ಯೋಆಕಿಮ್ ಮಾರ್ಸೇಲ್ ಎಂಬ ಜರ್ಮನ್ ಚಾಲಕ 1942ರ ಸೆಪ್ಟೆಂಬರ್ 30ರಂದು ಹೊಸ ‘ಜಿ’ ಮಾದರಿಯ ವಿಮಾನದಲ್ಲಿ ಮರಳಿ ಬರುತ್ತಿದ್ದಾಗ ಎಂಜಿನಿಗೆ ಬೆಂಕಿ ಹತ್ತಿತು. ಹೊಗೆ ಒಳಗೆಲ್ಲ ತುಂಬಿ ಕಣ್ಣು ಕಾಣದಾಯಿತು. ಜತೆಯವರು ರೇಡಿಯೊದಲ್ಲಿ ದಾರಿ ಹೇಳುತ್ತ ತಮ್ಮ ಸೀಮೆಯವರೆಗೆ ಕರೆತಂದರು. ಅಲ್ಲಿ ವಿಮಾನವನ್ನು ಬಿಟ್ಟು ಹಾರಿದಾಗ ಬಾಲದ ಭಾಗ ಮೈಗೆ ಬಡಿಯಿತು, ಕೊಡೆ ಬಿಚ್ಚಿಕೊಳ್ಳಲಿಲ್ಲ. ಈಜಿಪ್ಟಿನ ಮರಳಿಗೆ ಬಿದ್ದು ಸತ್ತಾಗ ಅವನಿಗೆ ಇಪ್ಪತ್ತೆರಡು ವರ್ಷ, ನಮ್ಮ ಕಾಲೇಜಿನ ಕೊನೆಯ ವರ್ಷದವರ ವಯಸ್ಸು. ಆ ದಿನ ಶತ್ರುವಿನ ಒಂದು ಗುಂಡೂ ಅವನನ್ನು ತಾಗಿರಲಿಲ್ಲ.

ಅಪ್ಪಣೆ ಹೊರಡಿಸಿದವರ ಸ್ಥಾನದಲ್ಲಿ ನಿಂತು ಯೋಚಿಸಿದರೆ ಮನಸ್ಸು ಡೋಲಾಯಮಾನವಾಗುತ್ತದೆ. ಪೂರ್ಣ ಶಕ್ತಿಯನ್ನು ಬಿಟ್ಟರೆ ಕೆಲವರು ತಮ್ಮ ಎಂಜಿನಿನಿಂದಲೇ ಸಾಯುತ್ತಾರೆ. ಬಿಡದಿದ್ದರೆ ಕೆಲವರು ಶತ್ರುವಿನಿಂದ ಸಾಯುತ್ತಾರೆ. ಎರಡನೆಯವರ ಲೆಕ್ಕ ಯಾವ ಕಡತದಲ್ಲಿಯೂ ಸಿಕ್ಕುವುದಿಲ್ಲ, ಏಕೆಂದರೆ ಇನ್ನು 165 ಅಶ್ವಶಕ್ತಿ ಇದ್ದಿದ್ದರೆ ಬದುಕುತ್ತಿದ್ದನೆಂದು ಯಾರ ಹೆಸರಿನ ಮುಂದೆಯೂ ಬರೆಯಲು ಬರುವುದಿಲ್ಲ. ನನ್ನ ಮಟ್ಟಿಗೆ ಆ ಅಪ್ಪಣೆ ಸರಿಯೆಂದೇ ತೋರುತ್ತದೆ. ತಪ್ಪು ಆದುದು ಅದಕ್ಕೂ ಮುಂಚೆ, ಪರೀಕ್ಷೆ ಮುಗಿಯದ ಎಂಜಿನನ್ನು ಅವಸರದಿಂದ ಸಾವಿರಗಟ್ಟಲೆ ತಯಾರಿಸಲು ಹೊರಟಾಗ. ಆಮೇಲೆ ಎಣ್ಣೆಯ ನೊರೆಯನ್ನು ಬೇರ್ಪಡಿಸಲು ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವಂತೆ ಗಿರಗಿರನೆ ತಿರುಗುವ ಸಾಧನವೊಂದನ್ನು ಸೇರಿಸಿದರು. ಕವಾಟಗಳಿಗೆ ಕ್ರೋಮಿಯಂ ಲೇಪ ಕೊಟ್ಟರು. ಒಂದು ವರ್ಷಕ್ಕೂ ಮಿಕ್ಕಿ ತಡೆಯಲ್ಲಿದ್ದ 1.42ರ ಒತ್ತಡವನ್ನು 1943ರಲ್ಲಿ ಹಂತಹಂತವಾಗಿ ಬಿಟ್ಟರು. 1944ರಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿ ಸಿಂಪಡಿಸುವ ಏರ್ಪಾಟಿನಿಂದ ಇದೇ ಎಂಜಿನು ಕೆಲವು ನಿಮಿಷಗಳ ಕಾಲ 1800 ಅಶ್ವಶಕ್ತಿಯನ್ನು ಮುಟ್ಟಿತು. ಪಟ್ಟಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ‘ಡಿ.ಬಿ. 605’.

ಜರ್ಮನಿಯ ಇನ್ನೊಂದು ವಿಮಾನ ಫೋಕೆ-ವುಲ್ಫ್ 190ರ ಬಿ.ಎಂ.ಡಬ್ಲ್ಯು. 801 ಎಂಜಿನಿನದೂ ಇಂಥದೇ ಕಥೆ. ಗಾಳಿಯಿಂದ ತಂಪಾಗುವ ಹದಿನಾಲ್ಕು ಸಿಲಿಂಡರುಗಳು, ಏಳರಂತೆ ಎರಡು ಸಾಲು. ಹಿಂದಿನ ಸಾಲಿಗೆ ಗಾಳಿ ಸಾಲದೆ ಅದು ಕಾದು ಕೆಂಡವಾಗುತ್ತಿತ್ತು. 1942ರಲ್ಲಿ ಬಹುಕಾಲ ಅದನ್ನೂ ಮಿತಶಕ್ತಿಯಲ್ಲಿಯೇ ನಡೆಸಿದರು. ವಿನೋದವೆಂದರೆ, ಹೀಗೆ ಕಟ್ಟಿಹಾಕಿದ ಸ್ಥಿತಿಯಲ್ಲಿಯೇ ಅದು ಐದನೆಯ ಮಾದರಿಯ ಸ್ಪಿಟ್‌ಫೈರುಗಳನ್ನು ಹಿಂದೆ ಹಾಕಿ ಬ್ರಿಟಿಷರ ನಿದ್ದೆಗೆಡಿಸಿತ್ತು. 1942ರ ಜೂನ್ 23ರಂದು ಫಾಬರ್ ಎಂಬ ಜರ್ಮನ್ ಚಾಲಕ ದಿಕ್ಕು ತಪ್ಪಿ ವೇಲ್ಸಿನ ಪೆಂಬ್ರೆ ನಿಲ್ದಾಣಕ್ಕೆ ಬಂದಿಳಿದು ಒಂದು ವಿಮಾನವನ್ನು ಕೈಯಾರೆ ಒಪ್ಪಿಸಿದ ಮೇಲೆಯೇ ಬ್ರಿಟಿಷರಿಗೆ ಅದನ್ನು ಬಿಚ್ಚಿ ನೋಡುವ ಭಾಗ್ಯ ಸಿಕ್ಕಿತು.

ಶಕ್ತಿಯನ್ನು ಇಳಿಸುವುದೆಲ್ಲ ಸಂಕಟಕ್ಕಾಗಿಯೇ ಅಲ್ಲ. 1944ರ ಮಧ್ಯದಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿ ಹೆಸರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಗಿನಿಯ ದ್ವೀಪದಲ್ಲಿ ಅಮೆರಿಕದ ಪಿ-38 ವಿಮಾನಗಳ ಚಾಲಕರ ಜತೆ ಹಾರುತ್ತಿದ್ದರು. ಎಲ್ಲರೂ ಪೆಟ್ರೋಲು ಮುಗಿಸಿ ಬಂದರೆ ಇವರ ಟ್ಯಾಂಕಿನಲ್ಲಿ ಮಾತ್ರ ಇನ್ನೂ ಉಳಿದಿರುತ್ತಿತ್ತು. ಗುಟ್ಟು ಇಷ್ಟೆ: ಸುತ್ತನ್ನು 1600ಕ್ಕೆ ಇಳಿಸಿ, ಒತ್ತಡವನ್ನು ಹೆಚ್ಚಾಗಿಯೇ ಇರಿಸಿ, ಪೆಟ್ರೋಲಿನ ಅಂಶ ಕಡಮೆಯಾದ ಮಿಶ್ರಣವನ್ನು ಕೊಡುವುದು. ನಿಧಾನವಾಗಿ ಸುತ್ತುವ ಎಂಜಿನು ತನ್ನದೇ ಉಜ್ಜಾಟಕ್ಕೆ ಕಡಮೆ ಶಕ್ತಿಯನ್ನು ತಿನ್ನುತ್ತದೆ. ಎಂಜಿನು ಕೆಟ್ಟೀತೆಂದು ಮೊದಲು ಹೆದರಿದ ಚಾಲಕರು ಬರಬರುತ್ತ ಇದನ್ನೇ ಕಲಿತು, ಹಿಂದೆ ಮುಟ್ಟಲಾಗದಿದ್ದ ದೂರಗಳಿಗೆ ಹೋಗಿ ಬಂದರು.

ಜಪಾನಿನದು ಮಾತ್ರ ಮನಸ್ಸನ್ನು ಕಲಕುವ ಪ್ರಸಂಗ. ನಾಕಜಿಮ ಕಂಪನಿಯ ‘ಹೊಮಾರೆ’ ಎಂಜಿನು ರಚನೆಯಲ್ಲಿ ನಿಜವಾಗಿಯೂ ಅದ್ಭುತವಾದುದು. ಹದಿನೆಂಟು ಸಿಲಿಂಡರುಗಳು, 35.8 ಲೀಟರು, ಅಡ್ಡಗಲ ಸುಮಾರು 1.18 ಮೀಟರು; ಇಷ್ಟರಲ್ಲಿ 3000 ಸುತ್ತಿಗೆ 2000 ಅಶ್ವಶಕ್ತಿ. ಅದನ್ನು ರಚಿಸಿದವರ ಮನಸ್ಸಿನಲ್ಲಿದ್ದುದು 100 ಆಕ್ಟೇನ್ ಪೆಟ್ರೋಲು. 1941ರಲ್ಲಿ ಅಮೆರಿಕ ಜಪಾನಿಗೆ ಎಣ್ಣೆ ಮಾರುವುದನ್ನು ನಿಲ್ಲಿಸಿದ ಮೇಲೆ ಆ ಪೆಟ್ರೋಲು ಎಲ್ಲಿಂದ ಬರಬೇಕು? ಕೀಳು ದರ್ಜೆಯ ಪೆಟ್ರೋಲಿಗೆ ನೀರು ಮೆಥನಾಲುಗಳ ಸಿಂಪಡಿಕೆಯನ್ನು ಜೋಡಿಸಿ ನಡೆಸಬೇಕಾಯಿತು. ಅದೂ ಸಾಲದೆ ಸುತ್ತನ್ನು 2900ಕ್ಕೆ ಇಳಿಸಿ, ಒತ್ತಡವನ್ನೂ ತಗ್ಗಿಸಿದರು. 2000ದ ಎಂಜಿನು 1800ರ ಆಸುಪಾಸಿಗೆ ಬಂತು. ನುರಿತ ಕೆಲಸಗಾರರನ್ನು ಸೈನ್ಯಕ್ಕೆ ಸೆಳೆದುಕೊಂಡ ಮೇಲೆ, ಕೂದಲಿನಷ್ಟು ವ್ಯತ್ಯಾಸವನ್ನೂ ಸಹಿಸದ ಆ ಭಾಗಗಳನ್ನು ಕೊರೆಯಲು 1944ರ ಹೊತ್ತಿಗೆ ಶಾಲಾ ಕಾಲೇಜುಗಳ ಹುಡುಗರನ್ನೂ ಹುಡುಗಿಯರನ್ನೂ ಪಾಠ ಬಿಡಿಸಿ ಕಾರ್ಖಾನೆಗಳಿಗೆ ಕಳಿಸಿದರು. ಟೋಕಿಯೊ ಬಳಿಯ ಮುಸಾಶಿನೊದಲ್ಲಿದ್ದ ನಾಕಜಿಮ ಎಂಜಿನು ಕಾರ್ಖಾನೆಯಲ್ಲಿಯೂ ಅವರಿದ್ದರು. 1944ರ ನವೆಂಬರ್ 24ರಂದು ಮೇರಿಯಾನ ದ್ವೀಪಗಳಿಂದ ಬಂದ ಬಿ-29 ವಿಮಾನಗಳು ಟೋಕಿಯೊ ಮೇಲೆ ನಡೆಸಿದ ಮೊದಲ ದಾಳಿಯ ಗುರಿ ಆ ಕಾರ್ಖಾನೆಯೇ. ಆ ಎಂಜಿನುಗಳು ಕೆಡುತ್ತಿದ್ದುದಕ್ಕೆ ಜಪಾನೀಯರ ಕುಶಲತೆಯನ್ನು ಹಳಿಯುವ ಲೇಖಕರನ್ನು ನಾನು ಒಪ್ಪಲಾರೆ. ರಚನೆ ಮಾಡಿದವನಿಗೆ ಒಂದು ಪೆಟ್ರೋಲು, ಒಂದು ಬಗೆಯ ಉಕ್ಕು, ಒಂದು ಬಗೆಯ ಕೈ ಇವೆಯೆಂದು ಹೇಳಿ, ಕಡೆಗೆ ಬೇರೆಯವನ್ನೇ ಕೊಟ್ಟರೆ ಆ ಯಂತ್ರ ತಾನೆ ಏನು ಮಾಡೀತು?

ಶಕ್ತಿಮಿತಿಗೂ ದುರಸ್ತಿ ಕಾರ್ಖಾನೆಗೂ ಇರುವ ನಂಟನ್ನು ಹೇಳಿ ಮುಗಿಸುತ್ತೇನೆ. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಯುದ್ಧವಿಮಾನದ ಎಂಜಿನನ್ನು ಗೊತ್ತಾದಷ್ಟು ಗಂಟೆ ಹಾರಿಸಿದ ಮೇಲೆ ಪೂರ್ತಿ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸಬೇಕು. ಮಿತಿ ಮೀರಿ ದುಡಿಸಿದಷ್ಟೂ ಈ ಗಂಟೆಗಳು ಕಡಮೆಯಾಗುತ್ತವೆ, ಕಾರ್ಖಾನೆಯ ಬಾಗಿಲಲ್ಲಿ ಎಂಜಿನುಗಳ ರಾಶಿ ಬೆಳೆಯುತ್ತದೆ. ವಾಲ್‌ಚಂದ್ ಹೀರಾಚಂದ್ ಅವರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನಗಳನ್ನು ಕಟ್ಟಲೆಂದು ಸ್ಥಾಪಿತವಾದುದು. ಆದರೆ 1943ರಲ್ಲಿ ಅದನ್ನು ಅಮೆರಿಕದ ವಾಯುಸೈನ್ಯದ ವಶಕ್ಕೆ ಕೊಟ್ಟರು. ಅದು ಅವರ 84ನೆಯ ಏರ್ ಡಿಪೋ ಆಯಿತು. ಮೊದಲು ದುರಸ್ತಿಗೆ ಬಂದುದು ಕ್ಯಾಟಲೀನ ಎಂಬ, ನೀರಿನ ಮೇಲೂ ಇಳಿಯಬಲ್ಲ ದೊಡ್ಡ ವಿಮಾನ. ಅನಂತರ ಭಾರತ ಮತ್ತು ಬರ್ಮಾ ರಂಗಗಳಲ್ಲಿ ಹಾರುತ್ತಿದ್ದ ಬಗೆಬಗೆಯ ವಿಮಾನಗಳೂ ಅವುಗಳ ಎಂಜಿನುಗಳೂ ಬಂದುವು. ಪಿಸ್ಟನ್ನಿನ ನೆತ್ತಿಯ ಬಣ್ಣವನ್ನೂ ಬೇರಿಂಗಿನ ಗೀರುಗಳನ್ನೂ ಕಂಡು, ಇದನ್ನು ಹಾರಿಸಿದವನು ಮಿತಿಯೊಳಗೆ ನಡೆಸಿದ್ದನೆ ಇಲ್ಲವೆ ಎಂಬುದನ್ನು ಊಹಿಸುವುದು ಇಂಥ ಕೆಲಸದಲ್ಲಿ ಪಳಗಿದವರಿಗೆ ಕಷ್ಟವಲ್ಲ. ಯುದ್ಧ ಮುಗಿದು ಕಾರ್ಖಾನೆ ಭಾರತದ ಕೈಗೆ ಮರಳಿ ಬಂದಾಗ ಅದು ಪೂರ್ವದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು.